ಎಷ್ಟು ಗಂಟೆ ಮಲಗಿದ್ದೆ?

ಅವರಿಗೆ ಗುಡ್ ಮಾರ್ನಿಂಗ್ ಹೇಳಿದರೆ ತಿರುಗಿ ಗುಡ್ ಮಾರ್ನಿಂಗ್ ಬರುತ್ತಿರಲಿಲ್ಲ. "ಎಷ್ಟು ಗಂಟೆ ಮಲಗಿದ್ದೆ?" ಎಂಬ ಪ್ರಶ್ನೆ ಬರುತ್ತಿತ್ತು. ಹೊಸದಾಗಿ ಸೇರಿದವರು ಇದನ್ನು ತಮಾಷೆ ಎಂದುಕೊಂಡು ನಗುತ್ತಿದ್ದರು. ಅವರು ಮಾತ್ರ ನಗದೆ, ಉತ್ತರ ಬರುವ ತನಕ ಮುಖವನ್ನೇ ನೋಡುತ್ತಾ ನಿಂತಿರುತ್ತಿದ್ದರು. ಆ ನೋಟದ ಎದುರು ನಿಂತು ನಾನು ಒಂದು ಸಲ ಸುಳ್ಳು ಹೇಳಿದ್ದೇನೆ. ಅವರು ತೀರಿಕೊಂಡು ಈಗ ಎರಡು ತಿಂಗಳು. ಇಷ್ಟು ವರ್ಷ ಬಾಯಿಬಿಡದೆ ಇಟ್ಟುಕೊಂಡದ್ದನ್ನು ಈಗಲಾದರೂ ಹೇಳದೆ ಹೋದರೆ ನನಗೇ ನಿದ್ದೆ ಬರುವುದಿಲ್ಲ.

ನಾವೆಲ್ಲ ಅವರನ್ನು ಆಪಾ ಎನ್ನುತ್ತಿದ್ದೆವು. ಶಿವಾಜಿನಗರದ ಅವರ ಮನೆಮಾತಿನಲ್ಲಿ ಅಕ್ಕ ಎಂದರ್ಥ. ಕನ್ನಡದವರು, ತಮಿಳಿನವರು, ಮಣಿಪುರದಿಂದ ಬಂದವರು ಎಲ್ಲರಿಗೂ ಅವರು ಆಪಾನೇ. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವಷ್ಟು ಮುಖ ನನಗಿಲ್ಲ. ನಾನು ವಿಮಾನದ ಕೆಲಸಕ್ಕೆ ಸೇರಿದ ಮೊದಲ ವರ್ಷ, ನನ್ನ ಹೆಚ್ಚಿನ ಹಾರಾಟಗಳಲ್ಲಿ ಅವರೇ ಲೀಡ್. ಒಂದು ವಿಮಾನಕ್ಕೆ ನಾವು ನಾಲ್ಕು ಜನ. ಆ ನಾಲ್ವರಲ್ಲಿ ಹಿರಿಯರು, ಉಳಿದ ಮೂವರ ತಪ್ಪಿಗೂ ಉತ್ತರ ಕೊಡಬೇಕಾದವರು ಲೀಡ್.

ಪತ್ರಿಕೆಗಳು ನಮ್ಮನ್ನು ಗಗನಸಖಿಯರು ಎಂದು ಬರೆಯುತ್ತವೆ. ಆ ಪದ ಕಂಡರೆ ಆಪಾಗೆ ಮೈ ಉರಿಯುತ್ತಿತ್ತು. ಯಾರಿಗೆ ಸಖಿ, ಯಾವ ಗಗನ ಎಂದು ಕೇಳುತ್ತಿದ್ದರು. ಬೆಂಕಿ ಬಿದ್ದರೆ ತೊಂಬತ್ತು ಸೆಕೆಂಡಿನಲ್ಲಿ ಎಲ್ಲರನ್ನೂ ಆಚೆ ಹಾಕುವವರು ನಾವು, ಬೆಂಕಿ ಬೀಳದ ದಿನ ಸುಮ್ಮನಿರಲಾರದೆ ಕಾಫಿ ಕೊಡುತ್ತೇವೆ ಎಂಬುದು ಅವರ ವಾದ. ನೋಡಲು ಸಣ್ಣ ಆಳು. ತಲೆಯ ಮೇಲಿನ ಲಗೇಜಿನ ಗೂಡು ಮುಚ್ಚಲು ತುದಿಗಾಲಲ್ಲಿ ನಿಲ್ಲಬೇಕಾಗುತ್ತಿತ್ತು. ಯಾರಾದರೂ ಎತ್ತರದ ಗಂಡಸು ಸಹಾಯಕ್ಕೆ ಎದ್ದರೆ, "ಕೂತ್ಕೊಳಿ ಸಾರ್, ಬೆಲ್ಟ್ ಹಾಕ್ಕೊಳಿ" ಎಂದು ಎಷ್ಟು ಮೆತ್ತಗೆ ಹೇಳುತ್ತಿದ್ದರೆಂದರೆ ಆತ ಸ್ಕೂಲಿನ ಹುಡುಗನ ಹಾಗೆ ಕುಳಿತುಬಿಡುತ್ತಿದ್ದ.

ಅವರ ತಂದೆಗೆ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಗುಂಡಿ, ಜಿಪ್ಪು, ಲೇಸು ಮಾರುವ ಅಂಗಡಿ. ಮನೆ ಅಲ್ಲೇ ಹತ್ತಿರ, ಮೊದಲ ಮಹಡಿಯಲ್ಲಿ. ಮಗಳು ವಿಮಾನದಿಂದ ಇಳಿದು ಬಂದು ಹಗಲು ಹನ್ನೆರಡಕ್ಕೆ ಮಲಗಬೇಕು ಎಂದು ಗೊತ್ತಾದ ದಿನ ಆ ಮನುಷ್ಯ ಕೊಡೆ ರಿಪೇರಿಯವನಿಂದ ಕಪ್ಪು ಬಟ್ಟೆ ತಂದು ಕಿಟಕಿಗಳಿಗೆಲ್ಲ ಹೊಲಿಸಿ ಹಾಕಿದರಂತೆ. ಅಷ್ಟು ಸಾಲದೆಂದು ಬೀದಿಬಾಗಿಲಿಗೆ ಒಂದು ಸ್ಲೇಟು ನೇತುಹಾಕಿದರು. ಅದರ ಮೇಲೆ ಉರ್ದು, ತಮಿಳು, ಕನ್ನಡ ಮೂರರಲ್ಲೂ "ಮಗಳು ಮಲಗಿದ್ದಾಳೆ" ಎಂದು ಬಳಪದಲ್ಲಿ ಬರೆದಿತ್ತು. ಈರುಳ್ಳಿ ಗಾಡಿಯವನು ಆ ಸ್ಲೇಟು ಕಂಡರೆ ಗಲ್ಲಿಯ ಕೊನೆ ಮುಟ್ಟುವ ತನಕ ಕೂಗುತ್ತಿರಲಿಲ್ಲ ಎಂದು ಆಪಾ ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ನಂಬಿರಲಿಲ್ಲ. ಒಮ್ಮೆ ಊಟಕ್ಕೆ ಹೋದಾಗ ಆ ಬಳಪದ ಅಕ್ಷರ ನೋಡಿ ನಂಬಿದೆ. ತಂದೆ ತೀರಿಕೊಂಡು ವರ್ಷಗಳಾಗಿದ್ದವು. ಮಾಸಿದಾಗಲೆಲ್ಲ ಅವರ ತಮ್ಮ ಅದೇ ಗೆರೆಗಳ ಮೇಲೆ ತಿದ್ದುತ್ತಿದ್ದರು.

ಹಾರಾಟಕ್ಕೆ ಮುಂಚೆ ನಮಗೆ ಹತ್ತು ನಿಮಿಷದ ಬ್ರೀಫಿಂಗ್ ಇರುತ್ತದೆ. ಉಳಿದ ಲೀಡ್‌ಗಳು ಲಿಪ್‌ಸ್ಟಿಕ್ಕು, ಕೂದಲು, ಉಗುರು ನೋಡುತ್ತಿದ್ದರು. ಆಪಾ ಮೊದಲು ತಮ್ಮ ನಿದ್ದೆಯ ಲೆಕ್ಕ ಹೇಳಿ ಆಮೇಲೆ ನಮ್ಮನ್ನು ಕೇಳುತ್ತಿದ್ದರು. "ನಾನು ನಾಲ್ಕೂವರೆ. ನೀವು?" ನಾವು ಎಲ್ಲರೂ ಆರು ಎನ್ನುತ್ತಿದ್ದೆವು. ಏಳು ಎಂದರೆ ಯಾರೂ ನಂಬುವುದಿಲ್ಲ, ಐದು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ಆರು ಎಲ್ಲ ಕಾಲಕ್ಕೂ ಒಗ್ಗುವ ಸಂಖ್ಯೆ.

ಸುಸ್ತಾಗಿದೆ, ಇವತ್ತು ಹಾರಲಾರೆ ಎಂದು ಬರೆದುಕೊಡಲು ಕಂಪನಿಯಲ್ಲಿ ಒಂದು ಫಾರಂ ಇತ್ತು. ಬರೆದವರಿಗೆ ಯಾವ ತೊಂದರೆಯೂ ಆಗುವುದಿಲ್ಲ ಎಂದು ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಅಷ್ಟು ದಪ್ಪಗೆ ಹಾಕಿದ್ದನ್ನು ನೋಡಿಯೇ ನಮಗೆ ಅನುಮಾನ. ಬರೆದವಳನ್ನು ಕರೆಸಿ, ಮನೆಯಲ್ಲಿ ಏನಾದರೂ ಸಮಸ್ಯೆಯೇ, ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂದು ಅಕ್ಕರೆಯಿಂದ ಕೇಳುತ್ತಿದ್ದರು. ಆದ್ದರಿಂದ ನಿದ್ದೆ ಇಲ್ಲದವರೆಲ್ಲ ಫೋನು ಮಾಡಿ ಹೊಟ್ಟೆ ಕೆಟ್ಟಿದೆ ಎನ್ನುವುದು ನಮ್ಮಲ್ಲಿ ಪದ್ಧತಿಯಾಗಿತ್ತು. ಈ ಕಂಪನಿಯಲ್ಲಿ ಯಾರಿಗೂ ಸುಸ್ತೇ ಆಗುವುದಿಲ್ಲ, ಹೊಟ್ಟೆ ಮಾತ್ರ ದಿನಾ ಕೆಡುತ್ತದೆ, ಕ್ಯಾಂಟೀನಿನವನನ್ನು ಹಿಡಿದು ಹಾಕಿ ಎಂದು ಆಪಾ ಗೇಲಿ ಮಾಡುತ್ತಿದ್ದರು. ಅವರೊಬ್ಬರೇ ಆ ಫಾರಂ ತುಂಬುತ್ತಿದ್ದದ್ದು.

ಇನ್ನೊಂದು ಅಭ್ಯಾಸವಿತ್ತು ಅವರಿಗೆ. ಅದನ್ನು ಹೇಳಬೇಕಾದರೆ ವಿಮಾನದ ಬಾಗಿಲಿನ ಬಗ್ಗೆ ಎರಡು ಮಾತು ಹೇಳಬೇಕು. ಹಾರುವಾಗ ಬಾಗಿಲು ಒಂದು ವಿಶೇಷ ಸ್ಥಿತಿಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಅದನ್ನು ತೆರೆದರೆ ಒಳಗೆ ಮಡಿಸಿಟ್ಟಿರುವ ಜಾರುಬಂಡೆ ಗಾಳಿ ತುಂಬಿಕೊಂಡು ಆಚೆಗೆ ಸಿಡಿಯುತ್ತದೆ. ಅಪಘಾತವಾದರೆ ಜನ ಅದರ ಮೇಲೆ ಜಾರಿ ಇಳಿಯಲಿ ಎಂದು ಆ ವ್ಯವಸ್ಥೆ. ಇಳಿದು ನಿಂತ ಮೇಲೆ ನಾವು ಒಂದು ಲಿವರ್ ಎತ್ತಿ, ಕೆಂಪು ಪಟ್ಟಿ ಕಟ್ಟಿದ ಪಿನ್ನನ್ನು ಅದಕ್ಕೆ ಸಿಕ್ಕಿಸಿ ಅದನ್ನು ತಡೆಯಬೇಕು. ಮಾಡಿದೆವೆಂದು ಒಳಫೋನಿನಲ್ಲಿ ಲೀಡ್‌ಗೆ ತಿಳಿಸಬೇಕು. "ಡಿಸಾರ್ಮ್ಡ್, ಕ್ರಾಸ್ ಚೆಕ್ಡ್" ಎಂದು ಪುಸ್ತಕದ ಮಾತು ಹೇಳಿದರೆ ಕಂಪನಿಗೆ ಸಾಕು. ಆಪಾಗೆ ಸಾಲದು. ದಿನಕ್ಕೆ ನಾಲ್ಕು ಸಲ ಹೇಳುವ ಮಾತನ್ನು ನಾಲಿಗೆ ತಾನೇ ಹೇಳಿಬಿಡುತ್ತದೆ, ಕಣ್ಣು ಬೇಕಾಗುವುದಿಲ್ಲ ಎನ್ನುತ್ತಿದ್ದರು. ಅವರ ವಿಮಾನದಲ್ಲಿ ಆ ಮಾತಿನ ಜೊತೆಗೆ ಕೆಂಪು ಪಟ್ಟಿ ಎಲ್ಲಿದೆ ಎಂದೂ ಹೇಳಬೇಕಿತ್ತು. ನಮಗೆ ಅದು ಮಹಾ ಕಿರಿಕಿರಿ. ಬೆನ್ನ ಹಿಂದೆ ಅವರನ್ನು ಪಟ್ಟಿ ಆಪಾ ಎಂದು ಆಡಿಕೊಂಡಿದ್ದೇವೆ.

ಆ ದಿನಕ್ಕೆ ಬರುತ್ತೇನೆ. ನನ್ನ ಕೆಲಸ ಕಾಯಂ ಆಗಲು ಮೂರು ವಾರ ಉಳಿದಿತ್ತು. ಹಿಂದಿನ ದಿನದ ಡ್ಯೂಟಿ ಮುಗಿದ ಮೇಲೆ ಕಾಗದದ ಪ್ರಕಾರ ನನಗೆ ಬೇಕಾದಷ್ಟು ವಿಶ್ರಾಂತಿ ಇತ್ತು. ಆದರೆ ಕಾಗದ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ಮುಕ್ಕಾಲು ಗಂಟೆ ನಿಲ್ಲುವುದಿಲ್ಲ. ಸಿ.ವಿ. ರಾಮನ್ ನಗರದ ನಮ್ಮ ಮನೆ ಸೇರಿದರೆ ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು. ನೆಲ, ಗೋಡೆ, ಹಲ್ಲು ಎಲ್ಲ ಅದುರುತ್ತಿತ್ತು. ಅಪ್ಪ ಹೋಗಿ ಜಗಳ ಆಡಿ ಬಂದರು. ನೀರು ಬಿದ್ದ ಮೇಲೆ ನಿಲ್ಲಿಸುತ್ತೇವೆ ಎಂದರಂತೆ. ನೀರು ಬೀಳಲಿಲ್ಲ. ಕಂಪನಿಯ ಕ್ಯಾಬು ಬರುವ ಹೊತ್ತಿಗೆ ನಾನು ಮಲಗಿದ್ದದ್ದು ಎರಡೂವರೆ ಗಂಟೆ.

ಬ್ರೀಫಿಂಗಿನಲ್ಲಿ ಆಪಾ ಕೇಳಿದರು. ನಾನು ಆರು ಎಂದೆ. ಅವರು ನನ್ನನ್ನು ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆ ಹೊತ್ತಿಗೆ ಬದಲಿಗೆ ಯಾರೂ ಇರಲಿಲ್ಲ, ವಿಮಾನಕ್ಕೆ ಒಯ್ಯುವ ಬಸ್ಸು ಕಾಯುತ್ತಿದೆ ಎಂದು ಫೋನೂ ಬಂತು. ಅವರು ಬ್ಯಾಗು ಎಳೆದುಕೊಂಡು ಮುಂದೆ ನಡೆದರು.

ಎರಡನೆಯ ಸಲ ಇಳಿದಾಗ ಬೆಳಿಗ್ಗೆ ಹನ್ನೊಂದು. ದೇವನಹಳ್ಳಿಯಲ್ಲಿ ಕಣ್ಣು ಕುಕ್ಕುವ ಬಿಸಿಲು. ನಾನು ಹಿಂದಿನ ಎಡಬಾಗಿಲಿನಲ್ಲಿದ್ದೆ. ವಿಮಾನ ನಿಂತಿತು, ಜನ ಎದ್ದರು. ನಾನು ಲಿವರ್ ಎತ್ತಿದೆ, ಪಿನ್ನು ಹಾಕಿದೆ. ಇದು ನನಗೆ ಇವತ್ತಿಗೂ ನೆನಪಿದೆ, ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ನಾನು ಹಾಗೆ ಮಾಡಿರಲೇ ಇಲ್ಲ. ಆ ನೆನಪು ಹಿಂದಿನ ಇಳಿತದ್ದೋ, ನಿನ್ನೆಯದ್ದೋ ಯಾರಿಗೆ ಗೊತ್ತು. ಫೋನೆತ್ತಿ "ಹಿಂದೆ ಎಡ, ಡಿಸಾರ್ಮ್ಡ್, ಕ್ರಾಸ್ ಚೆಕ್ಡ್" ಎಂದಷ್ಟೇ ಹೇಳಿ, ಪಟ್ಟಿಯ ಮಾತಿಲ್ಲದೆ ಇಟ್ಟುಬಿಟ್ಟೆ. ನನ್ನ ಬಾಗಿಲನ್ನು ಕಣ್ಣಾರೆ ನೋಡಬೇಕಿದ್ದ ಎದುರು ಬಾಗಿಲಿನವನು ನನ್ನ ಮಾತು ಕೇಳಿಯೇ ತಾನೂ ಹೂಂ ಅಂದ. ಹೊರಗೆ ಮೆಟ್ಟಿಲಿನ ಗಾಡಿ ಬಂದು ನಿಂತಿತ್ತು. ಅದರ ಮೇಲೆ ನಿಂತಿದ್ದವನು ಪದ್ಧತಿಯಂತೆ ಬಾಗಿಲಿಗೆ ಎರಡು ಸಲ ತಟ್ಟಿ, ಪುಟ್ಟ ಗಾಜಿನ ಆಚೆಯಿಂದ ಹೆಬ್ಬೆರಳು ತೋರಿಸಿದ. ದಿನಾ ನೋಡುವ ಮುಖ. ಹಣೆಯಲ್ಲಿ ವಿಭೂತಿ, ಕಿವಿಗೆ ಸದ್ದು ತಡೆಯುವ ಹಳದಿ ಮಫ್. ನಾನೂ ಹೆಬ್ಬೆರಳು ತೋರಿಸಿ ಹಿಡಿಗೆ ಕೈ ಹಾಕಿದೆ.

ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಎತ್ತಿದೆ, ಬಲಗೈ ಹಿಡಿಯ ಮೇಲೇ ಇತ್ತು.

"ಕೈ ತೆಗಿ," ಎಂದರು ಆಪಾ. "ಕೆಂಪು ಪಟ್ಟಿ ಎಲ್ಲಿದೆ, ನೋಡಿ ಹೇಳು."

ನೋಡಿದೆ. ಪಿನ್ನು ತನ್ನ ಗೂಡಿನಲ್ಲೇ ಇತ್ತು. ಕೆಂಪು ಪಟ್ಟಿ ಅಲ್ಲಿಂದ ನೇತಾಡುತ್ತಿತ್ತು. ಲಿವರ್ ಕೆಳಗೇ ಇತ್ತು. ಗೂಡಿನಲ್ಲಿದೆ ಆಪಾ ಎಂದೆ. ಹೊರಗಿನವನು ತಡವಾಯಿತೆಂದು ಇನ್ನೂ ಹತ್ತಿರ ಬಂದು, ಗಾಜಿಗೆ ಮೂಗು ತಾಗಿಸಿ ಒಳಗೆ ಇಣುಕುತ್ತಿದ್ದ. ಹಿಡಿಯನ್ನು ಒಂದು ಗೇಣು ಎತ್ತಿದ್ದರೆ ಬಾಗಿಲು ಅವನನ್ನು ಆ ಎತ್ತರದಿಂದ ಕಾಂಕ್ರೀಟಿನ ಮೇಲೆ ಎಸೆಯುತ್ತಿತ್ತು. ಆಪಾ ಫೋನು ಇಡದೆ, ಒಂದೊಂದೇ ಹೆಜ್ಜೆ ಹೇಳಿ ಮಾಡಿಸಿದರು. ಲಿವರ್ ಎತ್ತು. ಪಿನ್ನು ಹಾಕು. ಈಗ ಹೇಳು, ಎಲ್ಲಿದೆ? ಲಿವರ್‌ನಲ್ಲಿದೆ ಆಪಾ ಎಂದೆ. ಆಮೇಲೆ ಬಾಗಿಲು ತೆರೆದೆ. ಅವನು "ಏನ್ ಮೇಡಂ, ನಿದ್ದೆನಾ" ಎಂದು ನಕ್ಕು ಮೆಟ್ಟಿಲಿಳಿದು ಹೋದ.

ಏನೂ ಆಗಿರಲಿಲ್ಲ. ಯಾರಿಗೂ ಗೊತ್ತಾಗಿರಲಿಲ್ಲ. ಇದನ್ನೇ ನಾನು ಖಾಲಿ ವಿಮಾನದಲ್ಲಿ ಆಪಾರ ಎದುರು ಅಳುತ್ತಾ ಹೇಳಿದ್ದು. ಮೂರು ವಾರ ಇದೆ ಆಪಾ, ಬರೆಯಬೇಡಿ ಎಂದು ಕೈ ಮುಗಿದೆ. ಅವರು ಮುಂದಿನ ಹಾರಾಟಕ್ಕೆ ಬೇರೆಯವರನ್ನು ಕಳಿಸುವಂತೆ ಫೋನು ಮಾಡಿ, ನನ್ನನ್ನು ಇಳಿಸಿ ತಾವೂ ಇಳಿದರು. ಆಮೇಲೆ ಫಾರಂ ತೆಗೆದರು. ನನ್ನ ತಪ್ಪಿಗಿಂತ ಮೊದಲು ತಮ್ಮದನ್ನು ಬರೆದರು: ಹುಡುಗಿಗೆ ನಿದ್ದೆ ಇಲ್ಲವೆಂದು ಅವಳ ಮುಖ ನೋಡಿಯೇ ನನಗೆ ಗೊತ್ತಾಗಿತ್ತು, ಆದರೂ ಕರೆದುಕೊಂಡು ಹೋದೆ.

"ನನ್ ಮೇಲೆ ಬರ್ಕೊಂಡಿದ್ದೀನಿ," ಎಂದರು. "ಕೇಳಿದಾಗ ನೀನು ನಿಜ ಹೇಳ್ಬಿಡು, ಅಷ್ಟೇ. ಮಿಕ್ಕಿದ್ದು ನಾನು ನೋಡ್ಕೊತೀನಿ."

ಕಂಪನಿಯಿಂದ ಇಬ್ಬರನ್ನೂ ಕರೆದರು. ಇಂದಿರಾನಗರದ ನೂರಡಿ ರಸ್ತೆಯ ಅಡ್ಡರಸ್ತೆಯೊಂದರಲ್ಲಿ, ಹಳೆಯ ಬಂಗಲೆಯಲ್ಲಿ ಆಗ ಕಂಪನಿಯ ಆಫೀಸು. ನಮ್ಮನ್ನು ಕೂರಿಸಿದ್ದು ಹಿಂದೆ ಯಾರದೋ ಮಲಗುವ ಕೋಣೆಯಾಗಿದ್ದಿರಬೇಕು, ಗೋಡೆಯಲ್ಲಿ ಇನ್ನೂ ಬೀರು ಇತ್ತು. ಅಧಿಕಾರಿ ಮೃದು ಮನುಷ್ಯ, ಕಾಫಿ ತರಿಸಿದ. ಆಪಾ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ತಪ್ಪು ಮಾಡಿದರೆ ಮರುತರಬೇತಿ, ಬ್ರೀಫಿಂಗಿನಲ್ಲಿ ಸುಳ್ಳು ಹೇಳಿದ್ದರೆ ಮನೆಗೆ ಕಳಿಸುತ್ತಾರೆ. ಇದು ನನ್ನ ಜೊತೆಯವರು ಹಿಂದಿನ ದಿನ ನನ್ನ ಕಿವಿಯಲ್ಲಿ ಊದಿದ್ದ ಮಾತು. ಅಧಿಕಾರಿ ಆಪಾರ ಫಾರಂ ಓದಿ, ಕನ್ನಡಕ ತೆಗೆದು, ಆ ರಾತ್ರಿ ನೀವು ಎಷ್ಟು ಗಂಟೆ ಮಲಗಿದ್ದಿರಿ ಎಂದು ಕೇಳಿದ.

"ಆರು ಗಂಟೆ, ಸಾರ್," ಎಂದೆ.

ಆಪಾ ನನ್ನ ಕಡೆ ತಿರುಗಲಿಲ್ಲ. ಗೋಡೆಯ ಬೀರುವನ್ನೇ ನೋಡುತ್ತಿದ್ದರು. ನೀವೇನಾದರೂ ಹೇಳುತ್ತೀರಾ ಎಂದು ಅಧಿಕಾರಿ ಅವರನ್ನು ಕೇಳಿದ. ಬರೆದದ್ದು ಬರೆದಿದ್ದೇನೆ ಸಾರ್ ಎಂದಷ್ಟೇ ಹೇಳಿದರು. ಹುಡುಗಿ ಮಲಗಿರಲಿಲ್ಲ ಎಂದು ವಾದಿಸಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೊರಗೆ ಬಂದ ಮೇಲೆ ನಾನು ನೆಲ ನೋಡುತ್ತಾ ಸ್ಕೂಟರಿನ ಬೀಗಕ್ಕೆ ತಡಕಾಡುತ್ತಿದ್ದೆ. ಅವರು ಬೀಗದ ಕೈಯನ್ನು ನನ್ನ ಕೈಯಿಂದ ತೆಗೆದುಕೊಂಡು ನನ್ನ ಬ್ಯಾಗಿಗೆ ಹಾಕಿ, ಇಂಥ ಹೊತ್ತಲ್ಲಿ ಗಾಡಿ ಓಡಿಸಬೇಡ, ಮೆಟ್ರೊದಲ್ಲಿ ಹೋಗು ಎಂದರು. ಬೈದಿದ್ದರೆ ಇಷ್ಟು ವರ್ಷ ನನ್ನನ್ನು ಕಾಡುತ್ತಿರಲಿಲ್ಲ.

ಗೊತ್ತಿದ್ದೂ ಕರೆದುಕೊಂಡು ಹೋಗಿದ್ದರೆ ತಪ್ಪು, ಗೊತ್ತಿಲ್ಲದೆ ಬರೆದಿದ್ದರೂ ತಪ್ಪು. ಕಂಪನಿ ಹೀಗೆ ಎರಡೂ ಕಡೆಯಿಂದ ಅವರನ್ನು ಹಿಡಿಯಿತು. ಲೀಡ್ ಸ್ಥಾನದಿಂದ ಇಳಿಸಿ, ನೆಲದ ಮೇಲೆ ತರಬೇತಿಯ ಕಡತಗಳನ್ನು ಜೋಡಿಸುವ ಕೆಲಸಕ್ಕೆ ಹಾಕಿದರು. ಒಂದು ವರ್ಷ ನೋಡಿ ಅವರು ಬಿಟ್ಟು ಹೋದರು. ನನಗೆ ಎರಡು ದಿನದ ಮರುತರಬೇತಿ ಆಯಿತು, ಕೆಲಸ ಕಾಯಂ ಆಯಿತು. ಮುಂದೆ ನಾನೇ ಲೀಡ್ ಆದೆ. ಆಪಾ ಕಲಿಸಿದ ಕೆಂಪು ಪಟ್ಟಿಯ ಮಾತನ್ನು ನನ್ನ ವಿಮಾನದಲ್ಲಿ ಎಲ್ಲರಿಂದಲೂ ಹೇಳಿಸಿದೆ. ಆದರೆ ಎಷ್ಟು ಗಂಟೆ ಮಲಗಿದ್ದೀರಿ ಎಂದು ಒಂದು ದಿನವೂ ಯಾರನ್ನೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಧೈರ್ಯ ಮಾಡಿ ಅವರ ಅಂಗಡಿಗೆ ಹೋದೆ. ತಂದೆಯ ಜಾಗದಲ್ಲಿ ಕೂತು ಬ್ಲೌಸಿನ ಹುಕ್ಕುಗಳನ್ನು ಅಳತೆಯ ಪ್ರಕಾರ ಡಬ್ಬಿಗಳಿಗೆ ಹಾಕುತ್ತಿದ್ದರು. ಕೂದಲು ಪೂರ್ತಿ ನೆರೆತಿತ್ತು. ನನ್ನನ್ನು ಕಂಡವರೇ ಎಷ್ಟು ಗಂಟೆ ಮಲಗಿದ್ದೆ ಎಂದು ಕೇಳಿದರು. ಕೋಟಿನ ಗುಂಡಿ ಬೇಕಿತ್ತು ಎಂದು ನೆಪ ಹೇಳಿದೆ. ಅವರು ಗುಂಡಿ ಹುಡುಕುತ್ತಿರುವಾಗ, ಮುಖ ಕಾಣದ ಆ ಹೊತ್ತಿನಲ್ಲಿ, ಅವತ್ತು ನಾನು ಮಲಗಿದ್ದು ಎರಡೂವರೆ ಗಂಟೆ ಆಪಾ ಎಂದುಬಿಟ್ಟೆ.

ಅವರು ಡಬ್ಬಿ ಮುಚ್ಚಿ ತಿರುಗಿದರು. "ನಂಗೆ ಹೇಳಿ ಏನ್ ಪ್ರಯೋಜನ ಬೇಟಾ? ನಂಗೆ ಅವತ್ತೇ ಗೊತ್ತಿತ್ತಲ್ಲ. ಗೊತ್ತಿಲ್ದೇ ಇರೋರ್ಗೆ ಹೇಳು."

ಅಷ್ಟೇ. ಯಾರೋ ಹೆಂಗಸು ಲೇಸು ಕೇಳಿಕೊಂಡು ಬಂದಳು, ಅವರು ಅವಳ ಜೊತೆ ತಮಿಳಿನಲ್ಲಿ ಮಾತಿಗೆ ನಿಂತರು. ಹೊರಡುವಾಗ ನಾಲ್ಕು ಗುಂಡಿಯ ಜೊತೆ ಇನ್ನೊಂದನ್ನು ಹಾಕಿ, ಬಿದ್ದುಹೋದರೆ ಇರಲಿ ಎಂದರು. ನಾನು ಹೇಳಬೇಕಾದವರಿಗೆ ಹೇಳಲಿಲ್ಲ. ಈ ತಿಂಗಳು ಹೇಳುತ್ತೇನೆ, ಬರುವ ತಿಂಗಳು ಹೇಳುತ್ತೇನೆ ಎಂದು ಕಾಲ ತಳ್ಳಿದೆ. ಹೃದಯಾಘಾತವೆಂದು ಗ್ರೂಪಿನಲ್ಲಿ ಸುದ್ದಿ ಬಂದಾಗ ನಾನು ಇನ್ನೂ ತಳ್ಳುತ್ತಲೇ ಇದ್ದೆ. ಮನೆಗೆ ಹೋದೆ. ಸ್ಲೇಟು ಮೊಳೆಯಲ್ಲೇ ಇತ್ತು, ಅಕ್ಷರ ಒರೆಸಿದ್ದರು. ಅವರ ತಮ್ಮ ನನ್ನ ಕೈ ಹಿಡಿದು, ನಿಮ್ಮ ಬಗ್ಗೆ ತುಂಬಾ ಹೇಳುತ್ತಿದ್ದರು ಎಂದರು. ಏನು ಹೇಳುತ್ತಿದ್ದರು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ನಿನ್ನೆ ಬೆಳಿಗ್ಗೆಯ ಬ್ರೀಫಿಂಗಿನಲ್ಲಿ ನನ್ನ ಎದುರು ಮೂವರು ಕೂತಿದ್ದರು. ಕೊನೆಯವಳು ಹೊರಮಾವಿನ ಹುಡುಗಿ, ಸೇರಿ ಎಂಟು ತಿಂಗಳು. ಕೋಟಿನ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದಳು, ಅವಳಿಗೆ ಗೊತ್ತೇ ಇರಲಿಲ್ಲ. ನನ್ನ ಬಾಯಿಂದ ತಾನಾಗಿ ಮಾತು ಬಂತು. ನಾನು ಐದು ಗಂಟೆ ಮಲಗಿದ್ದೇನೆ, ನೀವು ಎಂದು ಕೇಳಿದೆ. ಒಬ್ಬೊಬ್ಬರಾಗಿ ಆರು ಎಂದರು. ಅವಳೂ ಆರು ಎಂದಳು. ಬಸ್ಸು ಕಾಯುತ್ತಿದೆ ಎಂದು ಫೋನು ಬಂತು.

ಫೋನು ಕೈಯಲ್ಲಿ ಹಿಡಿದೇ, ನಾನೂ ಒಂದು ಸಲ ಆರು ಎಂದಿದ್ದೆ ಎಂದೆ. ಬಾಗಿಲು, ಹೊರಗೆ ಗಾಜಿಗೆ ಮೂಗು ತಾಗಿಸಿ ನಿಂತಿದ್ದವನು, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದೆ. ಅವಳು ಉಗುರು ನೋಡುತ್ತಾ ಕೂತಿದ್ದಳು. ಫೋನಿನ ಆಚೆಯವನು ಹಲೋ ಹಲೋ ಎನ್ನುತ್ತಿದ್ದ.

"ಮೂರು, ಮೇಡಂ," ಎಂದಳು. "ಮೂರೂ ಇಲ್ಲ."

ಬದಲಿಗೆ ಒಬ್ಬರನ್ನು ಕಳಿಸಿ, ಇವಳು ಬರುವುದಿಲ್ಲ ಎಂದೆ. ವಿಮಾನ ಲೇಟಾಗುತ್ತದೆ ಎಂದ. ಆಗಲಿ ಎಂದೆ. ಅವನು ಒಳ್ಳೆಯವನು, ದನಿ ತಗ್ಗಿಸಿ ಕೇಳಿದ, "ಹೊಟ್ಟೆ ಅಂತ ಹಾಕ್ಲಾ ಮೇಡಂ?"

"ಬೇಡ. ನಿದ್ದೆ ಇಲ್ಲ ಅಂತ್ಲೇ ಹಾಕಿ."

ಐವತ್ತು ನಿಮಿಷ ತಡವಾಯಿತು. ಪ್ರಯಾಣಿಕರು ಬೈದರು, ಬೈಸಿಕೊಂಡೆ. ಮಧ್ಯಾಹ್ನ ಮನೆಗೆ ಬಂದು ಫಾರಂ ತೆರೆದೆ. ಹುಡುಗಿಯ ವಿಷಯ ಬರೆದು ಮುಗಿಸಿದೆ. ಅವಳಿಗೆ ಏನಾದರೂ ತೊಂದರೆಯಾದರೆ ಮೊದಲು ನನ್ನನ್ನು ಕರೆಯಿರಿ ಎಂದೂ ಬರೆದೆ. ಕೊನೆಯಲ್ಲಿ, ಬೇರೆ ಏನಾದರೂ ತಿಳಿಸುವುದಿದೆಯೇ ಎಂಬ ಖಾಲಿ ಜಾಗ ಇರುತ್ತದೆ. ಎಷ್ಟು ಸಲ ಆ ಜಾಗವನ್ನು ಹಾಗೇ ಬಿಟ್ಟು ಕಳಿಸಿದ್ದೇನೋ ಲೆಕ್ಕವಿಲ್ಲ. ಕಳಿಸಿದರೆ ಕರೆಯುತ್ತಾರೆ, ಇಷ್ಟು ವರ್ಷ ಎಲ್ಲಿದ್ದಿರಿ ಎಂದು ಕೇಳುತ್ತಾರೆ, ನನ್ನ ಲೀಡ್ ಸ್ಥಾನ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಮೊದಲು ಆಪಾರ ಹೆಸರನ್ನು, ಅವರ ತಂದೆಯ ಹೆಸರಿನ ಸಮೇತ, ಪೂರ್ತಿಯಾಗಿ ಬರೆದೆ. ಅದರ ಕೆಳಗೆ ಬರೆದೆ: ಇವರು ಬರೆದುಕೊಟ್ಟದ್ದು ನಿಜ. ಆ ದಿನ ನಾನು ಮಲಗಿದ್ದು ಎರಡೂವರೆ ಗಂಟೆ.